ಕೊಂಬೆ ಕಡಿಯಲು ಅನುಮತಿ ಸಿಗದಿದ್ದರೆ: ಹುಬ್ಬಳ್ಳಿ-ಧಾರವಾಡದ ಮನೆ ಮಾಲೀಕರಿಗೊಂದು ಮಾರ್ಗದರ್ಶಿ

ಏಪ್ರಿಲ್-ಮೇ ತಿಂಗಳ ಗುಡುಗು ಗಾಳಿಯ ಮಳೆ ಶುರುವಾದ ಮೇಲೆಯೇ ನಮ್ಮ ಊರಿನ ಬಹಳಷ್ಟು ಜನರಿಗೆ ಮನೆ ಮುಂದಿನ ಮರದ ನೆನಪಾಗುತ್ತದೆ. ಅಲ್ಲಿಯವರೆಗೆ ನೆರಳಿಗೆ ಕಾರು ನಿಲ್ಲಿಸಿರುತ್ತಾರೆ. ಒಂದು ಸಂಜೆ ಗುಲ್‌ಮೊಹರಿನ ಕೊಂಬೆ ಮುರಿದು ಪಕ್ಕದ ಮನೆಯ ತಗಡಿನ ಮೇಲೆ ಬೀಳುತ್ತದೆ, ಮರುದಿನ ಬೆಳಿಗ್ಗೆ ಮರ ಕಡಿಸಬೇಕೆಂದು ಪಾಲಿಕೆಗೆ ಓಡುತ್ತಾರೆ. ಪಾಲಿಕೆಯವರು ಅರಣ್ಯ ಇಲಾಖೆಗೆ ಹೋಗಿ ಎನ್ನುತ್ತಾರೆ, ಅರಣ್ಯ ಇಲಾಖೆಯವರು ಪಾಲಿಕೆಯ ಪತ್ರ ತನ್ನಿ ಎನ್ನುತ್ತಾರೆ, ತಂತಿ ಮುಟ್ಟುತ್ತಿದೆಯಲ್ಲ ಹೆಸ್ಕಾಂ (ವಿದ್ಯುತ್ ಕಂಪನಿ) ಕೇಳಿ ಎಂದು ಮೂರನೆಯವರು ಹೇಳುತ್ತಾರೆ. ಮಳೆಗಾಲ ಮುಗಿಯುವ ಹೊತ್ತಿಗೆ ಅರ್ಜಿದಾರ ಸುಸ್ತಾಗಿರುತ್ತಾನೆ. ಇಲ್ಲವೇ ಯಾರೋ ರವಿವಾರ ಬೆಳಗಿನ ಜಾವ ಕೊಡಲಿ ಹಿಡಿದು ಬಂದು ಬುಡಕ್ಕೇ ಕೈ ಹಾಕಿರುತ್ತಾರೆ.

ಇಂತಹ ವ್ಯಾಜ್ಯಗಳ ಬಹುಪಾಲು ಎರಡು ಕಾರಣಗಳಿಗೆ ಕೆಡುತ್ತವೆ. ಅರ್ಜಿಯಲ್ಲಿ ಏನು ಬೇಕೆಂದು ಸ್ಪಷ್ಟವಾಗಿ ಬರೆದಿರುವುದಿಲ್ಲ. ಅಧಿಕಾರಿಯ ಉತ್ತರವನ್ನು ಕಾಗದದ ಮೇಲೆ ಪಡೆದಿರುವುದಿಲ್ಲ. ಈ ಎರಡನ್ನು ಸರಿಪಡಿಸಿಕೊಂಡರೆ ಅರ್ಧ ದಾರಿ ಸವೆದಂತೆ.

ಕಾನೂನು ಏನು ಹೇಳುತ್ತದೆ

ನಮಗೆ ಅನ್ವಯಿಸುವುದು ಕರ್ನಾಟಕ ವೃಕ್ಷ ಸಂರಕ್ಷಣಾ ಅಧಿನಿಯಮ, 1976. ಸ್ವಂತ ಜಾಗದಲ್ಲಿರುವ ಮರವಾದರೂ ವೃಕ್ಷಾಧಿಕಾರಿಯ ಪೂರ್ವಾನುಮತಿ ಇಲ್ಲದೆ ಕಡಿಯುವಂತಿಲ್ಲ. ‘ನಾನೇ ನೆಟ್ಟ ಮರ, ನನ್ನ ಹಿತ್ತಲು’ ಎಂಬ ವಾದ ಇಲ್ಲಿ ನಡೆಯುವುದಿಲ್ಲ. ಕಡಿಯುವುದು ಎಂದರೆ ಕಾಂಡವನ್ನು ನೆಲಕ್ಕೆ ಉರುಳಿಸುವುದು ಮಾತ್ರ ಎಂದೂ ತಿಳಿಯಬೇಡಿ. ಬುಡಕ್ಕೆ ಬೆಂಕಿ ಹಚ್ಚುವುದು, ಸುತ್ತ ತೊಗಟೆ ಸುಲಿಯುವುದು, ಆಸಿಡ್ ಸುರಿಯುವುದು, ಕೊಂಬೆಗಳನ್ನೆಲ್ಲ ಸವರಿ ಬೋಳು ಮಾಡುವುದು, ಇವೆಲ್ಲ ಮರಕ್ಕೆ ಹಾನಿ ಮಾಡಿದ ಲೆಕ್ಕಕ್ಕೇ ಬರುತ್ತವೆ. ಶಿಕ್ಷೆಯಲ್ಲಿ ದಂಡವೂ ಇದೆ, ಸೆರೆವಾಸಕ್ಕೂ ಅವಕಾಶವಿದೆ.

ಕೆಲವು ಜಾತಿಗಳಿಗೆ ವಿನಾಯಿತಿ ಇದೆ. ತೆಂಗು, ನೀಲಗಿರಿ, ಗಾಳಿಮರ, ಸಿಲ್ವರ್ ಓಕ್, ಸುಬಾಬುಲ್, ಗ್ಲಿರಿಸಿಡಿಯ, ರಬ್ಬರ್ ಇಂತಹವಕ್ಕೆ ಈ ಅನುಮತಿ ಬೇಕಿಲ್ಲ. ಬೇವು, ಹುಣಸೆ, ಆಲ, ಅರಳಿ, ಅತ್ತಿ, ಮಳೆಮರ ನಿಮ್ಮದಾಗಿದ್ದರೆ ಅರ್ಜಿ ಬರೆಯಲು ಕುಳಿತುಕೊಳ್ಳಿ. ಶ್ರೀಗಂಧವಿದ್ದರೆ ಮೊದಲು ಅರಣ್ಯ ಇಲಾಖೆಯನ್ನು ಕೇಳದೆ ಒಂದು ರೆಂಬೆಗೂ ಕತ್ತಿ ತಾಗಿಸಬೇಡಿ, ಅದರ ನಿಯಮಗಳೇ ಬೇರೆ.

ನಾಗರಿಕರಿಗೆ ಅನುಕೂಲವಾದ ಮಾತು ಇದೇ ಕಾನೂನಿನ 8ನೇ ಸೆಕ್ಷನ್‌ನಲ್ಲಿದೆ, ಆದರೆ ಅದನ್ನು ಓದಿಕೊಂಡು ಹೋಗುವವರು ಕಡಿಮೆ. ಮರ ಸತ್ತಿದ್ದರೆ, ರೋಗ ಹತ್ತಿದ್ದರೆ, ಗಾಳಿಗೆ ಉರುಳಿದ್ದರೆ, ಜೀವಕ್ಕೆ ಅಥವಾ ಆಸ್ತಿಗೆ ಅಪಾಯವಾಗಿದ್ದರೆ, ಸಂಚಾರಕ್ಕೆ ಅಡ್ಡಿಯಾಗಿದ್ದರೆ, ಬೆಂಕಿ, ಸಿಡಿಲು, ಮಳೆಯಿಂದ ಬಹುಪಾಲು ಹಾಳಾಗಿದ್ದರೆ ಅನುಮತಿಯನ್ನು ನಿರಾಕರಿಸುವಂತಿಲ್ಲ. ಗದಗ, ಹಾವೇರಿ ಜಿಲ್ಲೆಗಳ ಹಳ್ಳಿಯವರಿಗೆ ಇನ್ನೊಂದು ಆಧಾರವೂ ಇದೆ: ಮನೆಬಳಕೆಯ ಉರುವಲು, ಮೇವು, ಒಕ್ಕಲುತನದ ಸಲಕರಣೆಗಾಗಿ ನಿಜವಾಗಿಯೂ ಬೇಕಿದ್ದರೆ ಅದನ್ನೇ ಕಾರಣವಾಗಿ ತೋರಿಸಬಹುದು. ನಿಮ್ಮ ಅರ್ಜಿ ಈ ಕಾರಣಗಳಲ್ಲಿ ಒಂದರ ಮೇಲೆ ನಿಲ್ಲಬೇಕು. ‘ಎಲೆ ಉದುರುತ್ತದೆ, ಕಸ ಗುಡಿಸಿ ಸಾಕಾಗಿದೆ’ ಎಂಬುದು ಕಾರಣವಲ್ಲ. ‘ಹೊಸ ಅಂಗಡಿಯ ಬೋರ್ಡು ಕಾಣುವುದಿಲ್ಲ’ ಎಂಬುದಂತೂ ಖಂಡಿತ ಅಲ್ಲ, ಹೇಳಲು ಜನ ಹಿಂಜರಿದರೂ ವಾಣಿಜ್ಯ ರಸ್ತೆಗಳಲ್ಲಿ ಎಷ್ಟೋ ಮರಗಳಿಗೆ ಅದೇ ಮುಳುವಾಗಿದೆ.

ಮರ ಯಾರದು?

ಮೊದಲು ಈ ಪ್ರಶ್ನೆ ಬಗೆಹರಿಯಲಿ. ಕಾಂಪೌಂಡಿನ ಒಳಗಿದ್ದರೆ ಮಾಲೀಕರೇ ಅರ್ಜಿದಾರರು. ಬೀದಿಯ ಅಂಚಿನಲ್ಲಿ, ಗಟಾರದ ಪಕ್ಕದಲ್ಲಿ, ಉದ್ಯಾನದಲ್ಲಿ ಇದ್ದರೆ ಅದು ಸಾರ್ವಜನಿಕ ಮರ, ನೀವು ದೂರುದಾರರು ಮಾತ್ರ. ಕಡಿಯುವುದು, ಸವರುವುದು ಪಾಲಿಕೆಯವರ ಕೆಲಸ. ಹುಬ್ಬಳ್ಳಿಯ ರೈಲ್ವೆ ವಸತಿಗಳ ಆವರಣ, ಧಾರವಾಡದ ಕಾಲೇಜು, ವಿಶ್ವವಿದ್ಯಾಲಯಗಳ ಆವರಣದಲ್ಲಿದ್ದರೆ ಆಯಾ ಸಂಸ್ಥೆಯ ಮೂಲಕವೇ ಅರ್ಜಿ ಹೋಗಬೇಕು.

ಮಾಳಮಡ್ಡಿ, ದೇಶಪಾಂಡೆ ನಗರದಂತಹ ಹಳೆಯ ಬಡಾವಣೆಗಳಲ್ಲಿ ಮರ ಸರಿಯಾಗಿ ಗಡಿಯ ಮೇಲೆಯೇ ನಿಂತಿರುತ್ತದೆ. ಆಗ ಸಿಟಿಎಸ್ ಉತಾರ (ನಗರ ಸರ್ವೆಯ ಆಸ್ತಿ ದಾಖಲೆ) ಮತ್ತು ನಕ್ಷೆ ತೆಗೆಸಿ ಅಳತೆ ನೋಡಿಕೊಳ್ಳಿ. ಗಡಿ ತಕರಾರು ಇರುವ ಜಾಗದ ಅರ್ಜಿಯನ್ನು ಯಾವ ಅಧಿಕಾರಿಯೂ ಮುಟ್ಟಲು ಇಷ್ಟಪಡುವುದಿಲ್ಲ, ಅವರನ್ನು ದೂರಿ ಫಲವಿಲ್ಲ.

ವೃಕ್ಷಾಧಿಕಾರಿ ಎಂದರೆ ಸಾಮಾನ್ಯವಾಗಿ ಅರಣ್ಯ ಇಲಾಖೆಯ ಅಧಿಕಾರಿ. ಬೀದಿ ಮರದ ನಿರ್ವಹಣೆ ಮಹಾನಗರ ಪಾಲಿಕೆಯ ಹೊಣೆ. ಗದಗ-ಬೆಟಗೇರಿ, ಹಾವೇರಿ, ರಾಣೆಬೆನ್ನೂರಿನಲ್ಲಿ ಅದೇ ಹೊಣೆ ನಗರಸಭೆಯದು. ಹೀಗಾಗಿ ಬೀದಿ ಮರವಾದರೆ ಪಾಲಿಕೆಯ ನಿಮ್ಮ ವಲಯ ಕಚೇರಿಗೆ ಒಂದು ಅರ್ಜಿ, ಅದರ ಪ್ರತಿ ವಲಯ ಅರಣ್ಯಾಧಿಕಾರಿಗೆ. ಎರಡೂ ಕಚೇರಿಗೆ ಒಂದೇ ದಿನ ಕೊಟ್ಟುಬಿಟ್ಟರೆ ‘ಅಲ್ಲಿ ಕೇಳಿ, ಇಲ್ಲಿ ಕೇಳಿ’ ಎಂಬ ಅಲೆದಾಟ ಬಹಳ ಮಟ್ಟಿಗೆ ತಪ್ಪುತ್ತದೆ.

ಮರ ಕೇಳಬೇಡಿ, ಕೊಂಬೆ ಕೇಳಿ

ಅರ್ಜಿಯ ಹಣೆಬರಹ ತೀರ್ಮಾನವಾಗುವುದು ಇಲ್ಲಿ. ‘ನಮ್ಮ ಮನೆಯ ಮುಂದಿನ ಮರದಿಂದ ತೊಂದರೆಯಾಗುತ್ತಿದೆ, ತೆರವುಗೊಳಿಸಿ ಕೊಡಬೇಕಾಗಿ ವಿನಂತಿ’ ಎಂದು ಬರೆದರೆ ಅಧಿಕಾರಿಯ ಕಣ್ಣಿಗೆ ಕಾಣುವುದು ಇಡೀ ಮರದ ಬಲಿ. ಪರಿಸರದವರು ತಕರಾರು ತೆಗೆಯುತ್ತಾರೆ ಎಂಬ ಹೆದರಿಕೆಯೂ ಅವರಿಗಿರುತ್ತದೆ. ಬಿಆರ್‌ಟಿಎಸ್ (ಬಸ್ಸುಗಳಿಗೇ ಮೀಸಲಾದ ಪಥ) ರಸ್ತೆಗಾಗಿ ಹುಬ್ಬಳ್ಳಿ-ಧಾರವಾಡದ ನಡುವೆ ಸಾಲುಮರಗಳು ಹೋದ ಮೇಲೆ ಇಲ್ಲಿನ ಜನ ಕೊಡಲಿ ಸದ್ದಿಗೆ ಬೇಗ ಎಚ್ಚರಾಗುತ್ತಾರೆ, ಅದು ಒಳ್ಳೆಯದೇ. ಅರ್ಜಿಯನ್ನು ಹೀಗೆ ಬರೆದು ನೋಡಿ:

‘ನಮ್ಮ ಮನೆಯ ಪೂರ್ವ ಕಾಂಪೌಂಡಿನ ಒಳಗೆ ಒಂದು ಬೇವಿನ ಮರವಿದೆ. ಎದೆಮಟ್ಟದಲ್ಲಿ ಅದರ ಸುತ್ತಳತೆ ಸುಮಾರು ಆರು ಅಡಿ. ನೆಲದಿಂದ ಹದಿನೈದು ಅಡಿ ಎತ್ತರದಲ್ಲಿ ದಕ್ಷಿಣಕ್ಕೆ ಚಾಚಿರುವ ಒಂದು ಕೊಂಬೆ ನಮ್ಮ ಅಡುಗೆಮನೆಯ ಹಂಚಿನ ಮೇಲೆ ಬಂದಿದೆ. ಕವಲಿನಲ್ಲಿ ಬಿರುಕು ಬಿಟ್ಟು ತೊಗಟೆ ಸುಲಿದಿದೆ. ಇದರಿಂದ ಜೀವಕ್ಕೂ ಆಸ್ತಿಗೂ ಅಪಾಯವಿರುವುದರಿಂದ ಕರ್ನಾಟಕ ವೃಕ್ಷ ಸಂರಕ್ಷಣಾ ಅಧಿನಿಯಮ, 1976ರ ಸೆಕ್ಷನ್ 8ರ ಅಡಿಯಲ್ಲಿ ಈ ಒಂದು ಕೊಂಬೆಯನ್ನು ಮಾತ್ರ ಕವಲಿನವರೆಗೆ ತೆಗೆಯಲು ಅನುಮತಿ ಕೋರುತ್ತೇನೆ. ಮರದ ಉಳಿದ ಭಾಗವನ್ನು ಹಾಗೆಯೇ ಉಳಿಸಿಕೊಳ್ಳುತ್ತೇನೆ. ಸ್ಥಳ ಪರಿಶೀಲನೆಯ ದಿನ ನಾನು ಹಾಜರಿರುತ್ತೇನೆ.’

ಕೊನೆಯ ಎರಡು ವಾಕ್ಯಗಳನ್ನು ಬಿಡಬೇಡಿ. ಮರ ಉಳಿಯುತ್ತದೆ ಎಂಬ ಭರವಸೆ ಸಿಕ್ಕ ಕೂಡಲೇ ಅಧಿಕಾರಿಯ ಪೆನ್ನು ಸಡಿಲಾಗುತ್ತದೆ.

ಜೊತೆಗೆ ಏನು ಇಡಬೇಕು? ಗುರುತಿನ ಚೀಟಿ, ಉತಾರ, ಈ ವರ್ಷದ ಆಸ್ತಿ ತೆರಿಗೆ ರಸೀದಿ, ಒಂದು ಕೈನಕ್ಷೆ ಮತ್ತು ಫೋಟೋಗಳು. ಫೋಟೋ ತೆಗೆಯುವುದರಲ್ಲಿ ಸ್ವಲ್ಪ ಶಿಸ್ತು ಇರಲಿ. ರಸ್ತೆಯ ಆಚೆ ಬದಿಯಿಂದ ಇಡೀ ಮರ ಮತ್ತು ಮನೆ ಒಟ್ಟಿಗೆ ಕಾಣುವಂತೆ ಒಂದು, ಬುಡದ್ದು ಒಂದು, ತಕರಾರಿನ ಕೊಂಬೆಗೆ ಕೆಂಪು ಬಟ್ಟೆ ಕಟ್ಟಿ ಒಂದು, ಬಿರುಕಿನ ಪಕ್ಕ ಟೇಪು ಹಿಡಿದು ಹತ್ತಿರದಿಂದ ಒಂದು. ಬುಡದಲ್ಲಿ ಅಣಬೆ ಎದ್ದಿದ್ದರೆ, ಕಾಂಡ ಬಡಿದಾಗ ಟೊಳ್ಳು ಸದ್ದು ಬಂದರೆ, ಗೆದ್ದಲು ಒಳಹೊಕ್ಕಿದ್ದರೆ, ಬುಡದ ಒಂದು ಬದಿ ಮಣ್ಣು ಮೇಲೆದ್ದಿದ್ದರೆ ಅದನ್ನು ಬರೆದು ತೋರಿಸಿ. ಇವು ನಿಜವಾದ ಅಪಾಯದ ಗುರುತುಗಳು. ಮರ ವಾಲಿದೆ ಎನ್ನುವುದೊಂದೇ ಸಾಲದು, ಹುಟ್ಟಿನಿಂದ ವಾಲಿಕೊಂಡೇ ಗಟ್ಟಿಯಾಗಿ ನಿಂತ ಹುಣಸೆಗಳು ಬೇಕಾದಷ್ಟಿವೆ.

ಗೋಡೆ ಬಿರುಕು: ಆರೋಪಿ ಯಾರು?

ಹುಬ್ಬಳ್ಳಿಯಿಂದ ಪೂರ್ವಕ್ಕೆ, ನವಲಗುಂದ, ಅಣ್ಣಿಗೇರಿ, ಗದಗದ ಕಡೆ ಹೋದಂತೆ ‘ಬೇರು ನುಗ್ಗಿ ಗೋಡೆ ಸೀಳಿದೆ’ ಎಂಬ ದೂರು ಹೆಚ್ಚು. ಆದರೆ ಆ ನೆಲ ಎರೆಭೂಮಿ. ಮಳೆ ಬಿದ್ದರೆ ಉಬ್ಬುತ್ತದೆ, ಬೇಸಿಗೆಯಲ್ಲಿ ಕೈ ಇಳಿಯುವಷ್ಟು ಬಾಯಿಬಿಡುತ್ತದೆ. ಅಡಿಪಾಯ ಗಟ್ಟಿ ಪದರಕ್ಕೆ ಇಳಿದಿಲ್ಲದಿದ್ದರೆ ಹತ್ತಿರದಲ್ಲಿ ಒಂದು ಹುಲ್ಲುಕಡ್ಡಿ ಇಲ್ಲದಿದ್ದರೂ ಗೋಡೆ ಬಿರುಕು ಬಿಡುತ್ತದೆ. ಅದೇ ಮಣ್ಣಿನಲ್ಲಿ ದೊಡ್ಡ ಮರವೊಂದು ಬೇಸಿಗೆಯಲ್ಲಿ ನೀರು ಹೀರಿ ಕುಗ್ಗುವಿಕೆಯನ್ನು ಹೆಚ್ಚಿಸುವುದೂ ನಿಜ. ಹಾಗಾಗಿ ಇಲ್ಲಿ ಬಾಯಿಮಾತಿಗೆ ಬೆಲೆಯಿಲ್ಲ. ಗೋಡೆಯ ಬುಡದಲ್ಲಿ ಒಂದು ಗುಂಡಿ ತೋಡಿಸಿ ಬೇರು ಅಡಿಪಾಯಕ್ಕೆ ತಾಗಿದೆಯೇ ಎಂದು ಕಣ್ಣಾರೆ ನೋಡಿ, ಫೋಟೋ ತೆಗೆಯಿರಿ. ಸಿವಿಲ್ ಎಂಜಿನಿಯರ್ ಒಬ್ಬರಿಂದ ಒಂದು ಪುಟದ ವರದಿ ಬರೆಸಿಕೊಳ್ಳಿ. ಬಿರುಕಿನ ಎರಡೂ ಬದಿಗೆ ಪೆನ್ಸಿಲ್ ಗುರುತು ಹಾಕಿ ಬೇಸಿಗೆಯಲ್ಲೊಮ್ಮೆ, ಮಳೆಗಾಲದಲ್ಲೊಮ್ಮೆ ಅಳೆದು ದಿನಾಂಕ ಸಹಿತ ಬರೆದಿಡಿ. ಮಳೆಯಲ್ಲಿ ಮುಚ್ಚಿಕೊಂಡು ಬೇಸಿಗೆಯಲ್ಲಿ ಅಗಲವಾಗುವ ಬಿರುಕಿಗೆ ಮಣ್ಣಿನ ಪಾಲು ದೊಡ್ಡದು. ಅಂತಹ ಕಡೆ ಮರ ತೆಗೆಸಿದರೂ ಗೋಡೆ ಸರಿಹೋಗುವುದಿಲ್ಲ, ದೊಡ್ಡ ಮರ ಒಮ್ಮೆಲೇ ಹೋದರೆ ನೆಲ ಉಬ್ಬಿ ಹೊಸ ಬಿರುಕು ಬರುವುದೂ ಉಂಟು.

ಅರ್ಜಿ ಕೊಟ್ಟ ಮೇಲೆ

ಎರಡು ಪ್ರತಿ ಒಯ್ಯಿರಿ. ಆವಕ ಶಾಖೆಯಲ್ಲಿ ಒಂದನ್ನು ಕೊಟ್ಟು, ನಿಮ್ಮ ಪ್ರತಿಯ ಮೇಲೆ ಮೊಹರು, ದಿನಾಂಕ, ಆವಕ ಸಂಖ್ಯೆ ಹಾಕಿಸಿಕೊಳ್ಳಿ. ‘ಸಾಹೇಬರಿಗೆ ಕೈಯಲ್ಲೇ ಕೊಟ್ಟಿದ್ದೇನೆ’ ಎಂಬುದು ಮುಂದೆ ಯಾವ ಉಪಯೋಗಕ್ಕೂ ಬರುವುದಿಲ್ಲ. ತೆಗೆದುಕೊಳ್ಳಲು ಸತಾಯಿಸಿದರೆ ಸ್ಪೀಡ್ ಪೋಸ್ಟ್ ಮೂಲಕ ಕಳುಹಿಸಿ ರಸೀದಿ ಇಟ್ಟುಕೊಳ್ಳಿ.

ಸ್ಥಳ ಪರಿಶೀಲನೆಗೆ ಬಂದವರಿಗೆ ಕೊಂಬೆಯನ್ನು ತೋರಿಸಿ, ಮೇಲೆ ಏಣಿ ಹಾಕಿಟ್ಟಿದ್ದರೆ ಇನ್ನೂ ಒಳ್ಳೆಯದು. ಅವರು ಬರೆದುಕೊಳ್ಳುವ ವಿವರದಲ್ಲಿ ‘ಒಂದು ಕೊಂಬೆ’ ಎಂದೇ ಇದೆಯೇ, ‘ಮರ ತೆರವು’ ಎಂದಾಗಿದೆಯೇ ನೋಡಿಕೊಂಡು ಸಹಿ ಹಾಕಿ. ಪಕ್ಕದ ಮನೆಯವರನ್ನೂ ಕರೆದು ನಿಲ್ಲಿಸಿದರೆ ನಾಳೆ ಅವರೇ ತಕರಾರು ಅರ್ಜಿ ಕೊಡುವ ಸಂಭವ ಕಡಿಮೆಯಾಗುತ್ತದೆ.

ಇನ್ನು ಬಹಳ ಮುಖ್ಯವಾದ ವಿಷಯ. ಕಚೇರಿಯಲ್ಲಿ ‘ಆಗುವುದಿಲ್ಲ’ ಎಂದು ಬಾಯಲ್ಲಿ ಹೇಳಿದರೆ ಅದನ್ನು ನಿರಾಕರಣೆ ಎಂದು ತಿಳಿದು ಮನೆಗೆ ಬರಬೇಡಿ. ‘ಆಗದಿದ್ದರೆ ಕಾರಣ ಸಹಿತ ಹಿಂಬರಹ (ಲಿಖಿತ ಉತ್ತರ) ಕೊಡಿ’ ಎಂದು ಮೆತ್ತಗೆ ಆದರೆ ಬಿಡದೆ ಕೇಳಿ. ಬಾಯಿಮಾತಿನ ಮೇಲೆ ಮೇಲ್ಮನವಿ ಹಾಕಲು ಬರುವುದಿಲ್ಲ, ಹಿಂಬರಹದ ಮೇಲೆ ಬರುತ್ತದೆ. ಹಿಂಬರಹ ಬರೆಯಲು ಕುಳಿತಾಗ ಅಧಿಕಾರಿಗೂ ಕಾನೂನಿನ ಕಾರಣ ಹುಡುಕಬೇಕಾಗುತ್ತದೆ. ಕಾರಣ ಸಿಗದೆ ಕಡತ ಮತ್ತೆ ಅನುಮತಿಯ ಕಡೆ ತಿರುಗುವುದೂ ಉಂಟು.

ಉತ್ತರವೇ ಬರದಿದ್ದರೆ ಮಾಹಿತಿ ಹಕ್ಕು ಅಧಿನಿಯಮ, 2005ರ ಅಡಿಯಲ್ಲಿ ಕೇಳಿ. ಶುಲ್ಕ ಹತ್ತು ರೂಪಾಯಿ, ಉತ್ತರಕ್ಕೆ 30 ದಿನಗಳ ಗಡುವು. ಕರ್ನಾಟಕದ ನಿಯಮದಂತೆ ಒಂದು ಅರ್ಜಿಯಲ್ಲಿ ಒಂದೇ ವಿಷಯ, 150 ಪದಗಳ ಒಳಗೆ. ‘ನನ್ನ ಅರ್ಜಿಯನ್ನು ಏಕೆ ಪರಿಗಣಿಸಿಲ್ಲ’ ಎಂದು ಕೇಳಿದರೆ ಜಾರಿಕೊಳ್ಳುವ ಉತ್ತರ ಬರುತ್ತದೆ. ‘ಇಂತಹ ಆವಕ ಸಂಖ್ಯೆಯ ಅರ್ಜಿಯ ಕಡತದ ಟಿಪ್ಪಣಿ ಹಾಳೆ ಮತ್ತು ಸ್ಥಳ ಪರಿಶೀಲನಾ ವರದಿಯ ದೃಢೀಕೃತ ಪ್ರತಿ ಕೊಡಿ’ ಎಂದು ಕೇಳಿ. ಕಡತ ಯಾರ ಮೇಜಿನ ಮೇಲೆ ನಿಂತಿದೆ ಎಂಬುದು ಟಿಪ್ಪಣಿ ಹಾಳೆಯಲ್ಲಿ ತಾನಾಗಿ ಗೊತ್ತಾಗುತ್ತದೆ. ಇದಕ್ಕೆ ಸಮಾನಾಂತರವಾಗಿ ಜನಸ್ಪಂದನ ಸಹಾಯವಾಣಿ ಸಂಖ್ಯೆ 1902ಕ್ಕೂ ದೂರು ದಾಖಲಿಸಬಹುದು.

ಅನುಮತಿ ನಿರಾಕರಿಸಿ ಲಿಖಿತ ಆದೇಶ ಬಂದರೆ ಇದೇ 1976ರ ಕಾನೂನಿನಡಿಯ ವೃಕ್ಷ ಪ್ರಾಧಿಕಾರಕ್ಕೆ ಮೇಲ್ಮನವಿ. ಆದೇಶ ಕೈಸೇರಿದ ಎರಡು ವಾರದ ಒಳಗೇ ಸಲ್ಲಿಸಿಬಿಡಿ, ಕಾಲಹರಣದಿಂದ ಅವಕಾಶ ಕಳೆದುಕೊಂಡವರು ಅನೇಕರು. ಮೇಲ್ಮನವಿಯಲ್ಲಿ ಅಳಲು ತೋಡಿಕೊಳ್ಳಬೇಡಿ. ಸೆಕ್ಷನ್ 8ರ ಯಾವ ಕಾರಣ ನಿಮಗೆ ಅನ್ವಯಿಸುತ್ತದೆ, ಅದಕ್ಕೆ ಸಾಕ್ಷ್ಯ ಯಾವುದು, ಆದೇಶದಲ್ಲಿ ಯಾವುದನ್ನು ಪರಿಗಣಿಸಿಲ್ಲ, ಇಷ್ಟೇ ಇರಲಿ. ಅಲ್ಲಿಯೂ ಆಗದಿದ್ದರೆ ಹೈಕೋರ್ಟಿನ ಧಾರವಾಡ ಪೀಠದಲ್ಲಿ ರಿಟ್ ಅರ್ಜಿ. ಒಂದು ಕೊಂಬೆಗಾಗಿ ಅಷ್ಟು ದೂರ ಹೋಗುವುದು ನನಗಂತೂ ಅತಿರೇಕವೆನಿಸುತ್ತದೆ. ಹೋಗಲೇಬೇಕಾಗಿ ಬಂದರೆ ಮೊದಲು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಸಲಹೆ ಕೇಳಿ. ಮಹಿಳೆಯರು, ಪರಿಶಿಷ್ಟ ಜಾತಿ, ಪಂಗಡದವರಿಗೆ ಆದಾಯದ ಮಿತಿ ಇಲ್ಲದೆ ಉಚಿತ ಕಾನೂನು ನೆರವು ಸಿಗುತ್ತದೆ.

ತಂತಿಗೆ ತಾಗಿದ ಕೊಂಬೆ

ಇದಕ್ಕೆ ಪಾಲಿಕೆಯ ಬಾಗಿಲು ಬಡಿಯುವ ಅಗತ್ಯವಿಲ್ಲ. ಹೆಸ್ಕಾಂನ 1912ಕ್ಕೆ ಕರೆ ಮಾಡಿ, ದೂರಿನ ಸಂಖ್ಯೆ ಬರೆದುಕೊಳ್ಳಿ, ವಿಭಾಗ ಕಚೇರಿಗೆ ಲಿಖಿತವಾಗಿಯೂ ಕೊಡಿ. ವಿದ್ಯುತ್ ಮಾರ್ಗದ ಹತ್ತಿರ ನೀವಾಗಿಯೇ ಬಿದಿರಿನ ಗಳ ಹಿಡಿದು ಹತ್ತಬೇಡಿ, ಹಸಿ ಕೊಂಬೆಯಲ್ಲಿ ಕರೆಂಟು ಹರಿಯುತ್ತದೆ.

ಆದರೆ ಮಳೆಗಾಲದ ಮುಂಚೆ ತಂತಿಯ ನೆಪದಲ್ಲಿ ಮರದ ತಲೆಯನ್ನೇ ಹಾರಿಸಿ ಹೋಗುವ ತಕರಾರೂ ಇಷ್ಟೇ ದೊಡ್ಡದು. ವಿದ್ಯುತ್ ಅಧಿನಿಯಮ, 2003ರ ಸೆಕ್ಷನ್ 68ರ ಪ್ರಕಾರ ಮಾರ್ಗಕ್ಕೆ ಅಡ್ಡಿಯಾದ ಮರವನ್ನು ತೆಗೆಸಲು ವಿದ್ಯುತ್ ಕಂಪನಿಯು ಕಾರ್ಯನಿರ್ವಾಹಕ ದಂಡಾಧಿಕಾರಿ ಅಥವಾ ಸರ್ಕಾರ ಗೊತ್ತುಪಡಿಸಿದ ಪ್ರಾಧಿಕಾರಕ್ಕೆ ಅರ್ಜಿ ಹಾಕಬಹುದು. ತಂತಿ ಎಳೆಯುವ ಮುಂಚೆಯೇ ಆ ಮರ ಅಲ್ಲಿ ಇದ್ದಿದ್ದರೆ ಮರದ ಹಕ್ಕುದಾರನಿಗೆ ಪರಿಹಾರ ಕೊಡಿಸಬೇಕೆಂದೂ ಅದೇ ಸೆಕ್ಷನ್ ಹೇಳುತ್ತದೆ. ನಿಮ್ಮ ಅಜ್ಜ ನೆಟ್ಟ ಮಾವು ಮೊದಲೋ ಕಂಬ ಮೊದಲೋ ಎಂಬುದಕ್ಕೆ ಹಳೆಯ ಮದುವೆ ಫೋಟೋ ಕೂಡ ಸಾಕ್ಷಿಯಾದೀತು, ಹುಡುಕಿಡಿ. ಕಡಿಯಲು ಬಂದವರಿಗೆ ಕೆಲಸದ ಆದೇಶ ತೋರಿಸಲು ಕೇಳಿ, ಕಡಿಯುವ ಮುಂಚಿನ ಮತ್ತು ನಂತರದ ಫೋಟೋ ತೆಗೆಯಿರಿ.

ನೆರೆಮನೆಯ ಮರ

ನೆರೆಯವರ ಮರದ ಕೊಂಬೆ ನಿಮ್ಮ ಮಾಳಿಗೆಗೆ ಬಂದಿದ್ದರೆ, ನಿಮ್ಮ ಗಡಿಯೊಳಗೆ ಬಂದಿದೆ ಎಂಬ ಕಾರಣಕ್ಕೆ ನೀವೇ ಕತ್ತರಿಸಿದರೆ ಎರಡು ವ್ಯಾಜ್ಯ ಮೈಮೇಲೆ ಬರುತ್ತವೆ: ಒಂದು ನೆರೆಯವರದು, ಇನ್ನೊಂದು ವೃಕ್ಷ ಕಾನೂನಿನದು. ‘ಕಾಕಾ, ಈ ಕೊಂಬೆ ಒಂದನ್ನು ತೆಗೆಸೋಣ, ಖರ್ಚು ನನ್ನದು, ಅರ್ಜಿಗೆ ನೀವು ಸಹಿ ಹಾಕಿ’ ಎಂದು ಶುರುಮಾಡಿ. ಒಪ್ಪದಿದ್ದರೆ ಮತ್ತು ಮರ ನಿಜವಾಗಿಯೂ ಬೀಳುವ ಸ್ಥಿತಿಯಲ್ಲಿದ್ದರೆ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ, 2023ರ ಸೆಕ್ಷನ್ 152ರ ಅಡಿಯಲ್ಲಿ ಕಾರ್ಯನಿರ್ವಾಹಕ ದಂಡಾಧಿಕಾರಿಗೆ ದೂರು ಕೊಡಬಹುದು. ನೆರೆಹೊರೆಯವರಿಗೆ, ದಾರಿಹೋಕರಿಗೆ ಅಪಾಯವಾಗುವಂತೆ ಬೀಳುವ ಹಾಗಿರುವ ಮರವನ್ನು ತೆಗೆಯಲು ಅಥವಾ ಆಧಾರ ಕೊಡಲು ಷರತ್ತುಬದ್ಧ ಆದೇಶ ಹೊರಡಿಸುವ ಅಧಿಕಾರ ಅವರಿಗಿದೆ. ಹಿಂದಿನ ದಂಡ ಪ್ರಕ್ರಿಯಾ ಸಂಹಿತೆಯಲ್ಲಿ ಇದು 133ನೇ ಸೆಕ್ಷನ್ ಆಗಿತ್ತು, ಹಳೆಯ ವಕೀಲರು ಈಗಲೂ ಹಾಗೆಯೇ ಕರೆಯುತ್ತಾರೆ.

ಆಧಾರ ಕೊಡುವ ಮಾತು ಬಂತಲ್ಲ, ಅದನ್ನು ನಮ್ಮಲ್ಲಿ ಯಾರೂ ಕೇಳುವುದೇ ಇಲ್ಲ. ಸವಣೂರಿನ ದೊಡ್ಡಹುಣಸೆ ಮಠದ ಬಾವೊಬಾಬ್ ಮರಗಳಲ್ಲಿ ಒಂದು 2023ರ ಮಳೆಗಾಲದಲ್ಲಿ ಉರುಳಿದಾಗ ಅದನ್ನು ಸೌದೆ ಮಾಡದೆ ಮತ್ತೆ ಎತ್ತಿ ನಿಲ್ಲಿಸಿ ನೆಟ್ಟರು. ಎಲ್ಲ ಮರಕ್ಕೂ ಅದು ಸಾಧ್ಯವಿಲ್ಲ, ಆದರೆ ವಾಲಿದ ಹಳೆಯ ಮರಕ್ಕೆ ಕಬ್ಬಿಣದ ಆಧಾರ ಕೊಡಲು ಅನುಮತಿ ಕೇಳಿದರೆ ಯಾವ ಅಧಿಕಾರಿಯೂ ತಡೆಯಲಾರ.

ಗಾಳಿಗೆ ಕೊಂಬೆ ಈಗಾಗಲೇ ಮುರಿದು ನೇತಾಡುತ್ತಿದ್ದರೆ ಅರ್ಜಿ ಬರೆಯುತ್ತ ಕೂರಬೇಡಿ. 112ಕ್ಕೆ ಕರೆ ಮಾಡಿ, ತಂತಿ ಇದ್ದರೆ 1912ಕ್ಕೂ. ಫೋಟೋ ತೆಗೆದಿಟ್ಟು, ಅದೇ ದಿನ ಸಂಜೆಯೊಳಗೆ ನಡೆದುದನ್ನು ಬರೆದು ವಲಯ ಅರಣ್ಯಾಧಿಕಾರಿಗೆ ತಲುಪಿಸಿ.

ಅನುಮತಿ ಸಿಕ್ಕ ಮೇಲೆ

ಆದೇಶದ ಷರತ್ತುಗಳನ್ನು ಓದಿ. ಬದಲಿಗೆ ಸಸಿ ನೆಡಬೇಕೆಂಬ ಷರತ್ತು ಹಾಕುವ ಅಧಿಕಾರ ವೃಕ್ಷಾಧಿಕಾರಿಗಿದೆ. ಕಡಿಯಲು ಜನವರಿಯಿಂದ ಮಾರ್ಚ್ ಒಳ್ಳೆಯ ಕಾಲ. ಮಳೆಗಾಲದಲ್ಲಿ ಬೆಳ್ಳಕ್ಕಿಗಳು ಹುಣಸೆ, ಮಳೆಮರಗಳಲ್ಲಿ ಗೂಡು ಕಟ್ಟಿರುತ್ತವೆ. ಕಾಡುಹಕ್ಕಿಗಳ ಗೂಡು, ಮೊಟ್ಟೆಗೆ ಕೈ ಹಾಕುವುದು ವನ್ಯಜೀವಿ ಸಂರಕ್ಷಣಾ ಕಾನೂನಿನ ಪ್ರಕಾರ ಬೇಟೆಗೆ ಸಮ. ಕೊಂಬೆಯಲ್ಲಿ ಗೂಡಿದ್ದರೆ ಮರಿ ಹಾರುವವರೆಗೆ ಕಾಯಿರಿ.

ಕಡಿಯುವವನಿಗೆ ಕೆಲಸ ಒಪ್ಪಿಸಿ ಒಳಗೆ ಹೋಗಬೇಡಿ. ದಪ್ಪ ಕೊಂಬೆಗೆ ಮೂರು ಕೊಯ್ತ ಬೇಕು. ಕಾಂಡದಿಂದ ಒಂದು ಅಡಿ ಆಚೆ ಮೊದಲು ಕೆಳಗಿನಿಂದ ಮೂರನೇ ಒಂದರಷ್ಟು ಗರಗಸ ಹಾಕಬೇಕು, ಅದಕ್ಕಿಂತ ಸ್ವಲ್ಪ ಆಚೆ ಮೇಲಿನಿಂದ ಪೂರ್ತಿ ಕೊಯ್ದು ಭಾರ ಇಳಿಸಬೇಕು, ಕೊನೆಗೆ ಉಳಿದ ಮೊಟಕನ್ನು ಕಾಂಡದ ಹತ್ತಿರ ತೆಗೆಯಬೇಕು. ನೇರವಾಗಿ ಮೇಲಿನಿಂದ ಕೊಯ್ದರೆ ಬೀಳುವ ಕೊಂಬೆ ಕಾಂಡದ ತೊಗಟೆಯನ್ನೂ ಸುಲಿದುಕೊಂಡು ಹೋಗುತ್ತದೆ. ಕೊಂಬೆ ಕಾಂಡಕ್ಕೆ ಸೇರುವಲ್ಲಿ ಉಬ್ಬಿದ ಬಳೆಯಂತಹ ಭಾಗವಿರುತ್ತದೆ, ಗಾಯ ಮಾಯುವುದು ಅಲ್ಲಿಂದಲೇ. ಅದನ್ನು ಉಳಿಸಿ ಅದರ ಹೊರಗೆ ಕೊಯ್ಯಿರಿ. ಡಾಂಬರು, ಬಣ್ಣ ಬಳಿಯುವುದರಿಂದ ಲಾಭವಿಲ್ಲ. ಒಂದೇ ಸಲಕ್ಕೆ ಹಸಿರಿನ ಕಾಲು ಭಾಗಕ್ಕಿಂತ ಹೆಚ್ಚು ತೆಗೆಯಬಾರದು. ತಲೆ ಬೋಳಿಸಿದ ಮರ ಎರಡು ವರ್ಷದಲ್ಲಿ ಸಡಿಲ ಬುಡದ ಚಿಗುರುಗಳನ್ನು ಗುಂಪುಗುಂಪಾಗಿ ಎಬ್ಬಿಸುತ್ತದೆ, ಮುಂದಿನ ಗಾಳಿಗೆ ಮುರಿಯುವುದು ಅವೇ. ಮಾವಿನಲ್ಲಿ ಬಂದಳಿಕೆ ಹತ್ತಿದ್ದರೆ ಅದು ಅಂಟಿಕೊಂಡ ಜಾಗದಿಂದ ಸ್ವಲ್ಪ ಒಳಗೆ ಸರಿದು ರೆಂಬೆಯನ್ನೇ ತೆಗೆಯಿರಿ, ಎಲೆ ಕಿತ್ತರೆ ಮತ್ತೆ ಬರುತ್ತದೆ.

ಕೂಲಿಯ ಬದಲು ಕಟ್ಟಿಗೆ ಒಯ್ಯುತ್ತೇನೆ ಎನ್ನುವವನಿಗೆ ಕೆಲಸ ಕೊಡಬೇಡಿ, ಅವನಿಗೆ ಎಷ್ಟು ಹೆಚ್ಚು ಕಡಿದರೆ ಅಷ್ಟು ಲಾಭ. ಬೀದಿ ಮರದ ಕಟ್ಟಿಗೆ ನಿಮ್ಮದಲ್ಲ. ನಿಮ್ಮ ಸ್ವಂತ ಮರದ ದಿಮ್ಮಿಯನ್ನು ಸಾಗಿಸಬೇಕಿದ್ದರೂ ಸಾಗಾಣಿಕೆ ಪರವಾನಗಿ ಬೇಕೇ ಎಂದು ವಲಯ ಅರಣ್ಯಾಧಿಕಾರಿ ಕಚೇರಿಯಲ್ಲಿ ಮೊದಲೇ ಕೇಳಿಕೊಳ್ಳಿ. ಕೆಲಸ ಮುಗಿದ ಮೇಲೆ ಆದೇಶದ ಸಂಖ್ಯೆ ನಮೂದಿಸಿ, ಕೊಯ್ದ ಜಾಗದ ಮತ್ತು ನೆಟ್ಟ ಸಸಿಯ ಫೋಟೋ ಸಹಿತ ಒಂದು ಪತ್ರವನ್ನು ಅದೇ ಆವಕ ಶಾಖೆಗೆ ಕೊಟ್ಟು ಮೊಹರು ಹಾಕಿಸಿಕೊಳ್ಳಿ. ಮುಂದಿನ ವರ್ಷ ಇನ್ನೊಂದು ಕೊಂಬೆಗೆ ಅರ್ಜಿ ಹಾಕುವಾಗ ಈ ಪತ್ರದ ಪ್ರತಿಯನ್ನು ಮೊದಲ ಹಾಳೆಯಾಗಿ ಲಗತ್ತಿಸಿ.